ಅಮ್ಮ ಅಳಲಿಲ್ಲ

ಅವಳಿಗೆ ಸಿಡುಕಿ ಎಂದು ಹೆಸರಿಟ್ಟವನು ಸ್ವಂತ ಅಣ್ಣ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಕೊನೆಗೆ ಬೀದಿಯವರೂ ಹಾಗೇ ಕರೆದರು, ಆ ಹೆಸರು ಬಸ್ಸು ಹತ್ತಿಕೊಂಡು ಕಾಲೇಜಿಗೂ ಬಂತು. ನಿಜವಾಗಿ ನೋಡಿದರೆ ಹುಟ್ಟುವಾಗ ಎಲ್ಲ ಮಕ್ಕಳ ಹಾಗೇ ಹುಟ್ಟಿದ್ದಳು. ಕೋಪ ಬಂದದ್ದು ಅಪ್ಪ ಹೋದ ಮೇಲೆ.

ಅಪ್ಪ ದೊಡ್ಡ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಊರಿನ ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಒಂದು ಮಧ್ಯಾಹ್ನ ಬಾಯ್ಲರ್ ಸಿಡಿಯಿತು. ಪಕ್ಕದ ಇಸ್ತ್ರಿ ಕೋಣೆಯಲ್ಲಿದ್ದ ಕೆಲವರೂ ಅಪ್ಪನ ಜೊತೆಗೇ ಹೋದರು. ಬಾಯ್ಲರಿನವನು ತೂಕಡಿಸುತ್ತಿದ್ದ, ಒತ್ತಡ ಏರಿದ್ದನ್ನು ನೋಡಲಿಲ್ಲ ಎಂದು ಕಂಪನಿ ಹೇಳಿತು. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ. ಆಮೇಲೆ, ದೊಡ್ಡ ಮನಸ್ಸು ಮಾಡಿದವರ ಹಾಗೆ ಅಣ್ಣನನ್ನು ಕರೆದು ಕೆಲಸ ಕೊಟ್ಟರು. ಅವನ ಕೈಗೆ ವ್ಯಾನಿನ ಬೀಗದ ಕೈ ಕೊಟ್ಟು ಮನೆಯವರ ಬಾಯಿಗೆ ಬೀಗ ಜಡಿದರು.

ಅಮ್ಮ ಬೀದಿಯ ತಿರುವಿನಲ್ಲಿ ಒಂದು ಹೊಲಿಗೆ ಯಂತ್ರ ಹಾಕಿಕೊಂಡು ಪ್ಯಾಂಟಿನ ಕಾಲು ಮಡಿಸುವುದು, ಜಿಪ್ಪು ಬದಲಾಯಿಸುವುದು ಮಾಡಿ ಮನೆ ನಡೆಸಿದಳು. ಸಿಡುಕಿ ಓದಿದಳು. ಪದವಿ ಮುಗಿದ ಮೇಲೆ ಕೆಲಕಾಲ ಆಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ ಕೂತಳು. ಅಲ್ಲಿ ಜನ ಅರ್ಧ ಗಂಟೆ ಹೇಳಿದ ಸಂಕಟವನ್ನು ಅವಳು ‘ಹೊಟ್ಟೆ ನೋವು’ ಎಂದು ಎರಡೇ ಪದ ಮಾಡಬೇಕಿತ್ತು. ಅದಕ್ಕಿಂತ ಹೆಚ್ಚು ಬರೆಯಲು ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಜನರನ್ನು ಕೇಳಿ ತಿಳಿಯುವುದನ್ನೇ ಒಂದು ವಿದ್ಯೆಯಾಗಿ ಕಲಿಸುತ್ತಾರೆ, ಅದಕ್ಕೆ ಸಾಮಾಜಿಕ ಸಂಶೋಧನಾ ವಿಧಾನ ಎಂದು ಹೆಸರು, ಅದರಲ್ಲಿ ಎಂ.ಎ. ಮಾಡಬಹುದು ಎಂದು ಗೊತ್ತಾದ ದಿನ ಅವಳಿಗೆ ಬಾಯಾರಿದವನಿಗೆ ನಲ್ಲಿ ಕಂಡ ಹಾಗಾಯಿತು. ಕೆಲಸ ಬಿಟ್ಟು ಸೇರಿದಳು.

ತರಗತಿ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಕುರ್ಚಿಗಳಿಗೆ ಅಂಟಿಸಿದ ಬರೆಯುವ ಹಲಗೆ ಅರ್ಧಕ್ಕರ್ಧ ಮುರಿದಿತ್ತು. ಸಂದರ್ಶನದ ಪಾಠ ಮಾಡುತ್ತಿದ್ದವರನ್ನು ಹುಡುಗರು ಬೆನ್ನ ಹಿಂದೆ ‘ಮೌನ ಮೇಡಂ’ ಎನ್ನುತ್ತಿದ್ದರು. ಮೇಡಂ ಬಾಯಿ ಮುಚ್ಚಿದ್ದನ್ನು ಕಂಡವರು ಯಾರೂ ಇರಲಿಲ್ಲ. ದುಡಿಯುವ ಮನೆಗಳ ಹೆಂಗಸರು ಸಾವನ್ನು ಹೇಗೆ ಮೌನವಾಗಿ ಸಹಿಸುತ್ತಾರೆ ಎಂದು ಅವರು ಬರೆದ ಪುಸ್ತಕ ಅವರಿಗೆ ಹೆಸರು ತಂದಿತ್ತು. ಸಿಡುಕಿಗೆ ಮೇಡಂ ಎಂದರೆ ಇಷ್ಟ. ಮುಂದಿನ ಸಾಲಲ್ಲೇ ಕೂರುತ್ತಿದ್ದಳು. ಕೇಳುವವನು ಕಿವಿಯಿಂದಲ್ಲ, ಇಡೀ ಮೈಯಿಂದ ಕೇಳಬೇಕು ಎಂದು ಮೇಡಂ ಹೇಳಿದ್ದನ್ನು ಅಮ್ಮನಿಗೂ ಹೋಗಿ ಹೇಳಿದ್ದಳು. ಅಮ್ಮ ದಾರ ಕಚ್ಚಿ ತುಂಡು ಮಾಡುತ್ತಾ, “ಮೈಯಿಂದ ಕೇಳಿದ್ರೆ ಕಿವಿ ಏನ್ ಮಾಡುತ್ತಂತೆ?” ಎಂದಿದ್ದಳು.

ಎರಡನೇ ಸೆಮಿಸ್ಟರಿನಲ್ಲಿ ಮೇಡಂ ತಮ್ಮ ಪುಸ್ತಕದ ಒಂದು ಸಂದರ್ಶನದ ಪುಟಗಳನ್ನು ಜೆರಾಕ್ಸ್ ಮಾಡಿಸಿ ತಂದು ಹಂಚಿದರು. ಮಾದರಿ ಸಂದರ್ಶನ ಎಂದರೆ ಹೇಗಿರಬೇಕು ಅಂತ ನೋಡಿ ಎಂದರು. ಹಿಂದಿನ ಸಾಲಿನ ಒಬ್ಬ ಎದ್ದು ಗಟ್ಟಿಯಾಗಿ ಓದಿದ. ಗಂಡನನ್ನು ಕಳೆದುಕೊಂಡ ಕೆಲಸಗಾರನ ಹೆಂಡತಿಯ ಮಾತು.

“‘ಅವರು ಕೆಲಸಕ್ಕೆ ಹೋಗೋವಾಗ ಹಿಂದೆ ತಿರುಗಿ ನೋಡ್ತಿರಲಿಲ್ಲ. ನೋಡಿದ್ರೆ ಮಗಳು ಹಿಂದೇನೇ ಓಡಿ ಬರ್ತಾಳೆ ಅಂತ. ಸದ್ದಾಗಬಾರದು ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಮೆಟ್ಟಿಲು ಇಳಿದ ಮೇಲೆ ಹಾಕ್ಕೋತಿದ್ರು.’ ಇಲ್ಲಿ ಮಾಹಿತಿದಾರಳು ಮೌನವಾಗಿ ಅಳುತ್ತಾಳೆ. ದೀರ್ಘ ಮೌನ.”

ಸಿಡುಕಿ ಹಾಳೆಯ ಮೇಲೆ ಬೆರಳಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿದಳು. ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದವನು ಅವಳ ಅಪ್ಪ. ಹಿಂದೆ ಓಡುತ್ತಿದ್ದ ಮಗಳು ಅವಳೇ. ಅಪ್ಪ ಸತ್ತ ವರ್ಷ ಒಬ್ಬಳು ಉದ್ದ ಜಡೆಯ ಹೆಂಗಸು ಟೇಪ್ ರೆಕಾರ್ಡರ್ ಹಿಡಿದು ಮನೆಗೆ ಬಂದದ್ದು, ಅಮ್ಮನ ಎದುರು ನೆಲದ ಮೇಲೇ ಕೂತದ್ದು, ತಾನು ಒಳಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದು ಒಮ್ಮೆಗೇ ನೆನಪಾಯಿತು. ಜಡೆ ಹೋಗಿ ಕೂದಲು ಕುತ್ತಿಗೆಯ ಮಟ್ಟಕ್ಕೆ ಬಂದಿತ್ತು, ಕನ್ನಡಕ ಬಂದಿತ್ತು. ಇಷ್ಟು ದಿನ ಎದುರಿಗೇ ಕೂತು ಗುರುತು ಹಿಡಿದಿರಲಿಲ್ಲ.

ಹಾಗೇ ಇನ್ನೊಂದೂ ನೆನಪಾಯಿತು. ಆ ಮಾತು ಮುಗಿಸಿ ಅಮ್ಮ ಅತ್ತಿರಲಿಲ್ಲ. ಕೈಯಲ್ಲಿದ್ದ ನೀರಿನ ಲೋಟ ಎತ್ತಿ ಗೋಡೆಗೆ ಅಪ್ಪಳಿಸಿದ್ದಳು.

ಅವಳು ಎದ್ದು ನಿಂತಳು. “ಮೇಡಂ, ಇದು ಸುಳ್ಳು.”

ಮೇಡಂ ನಕ್ಕರು. “ಯಾವುದು?”

“ಅಮ್ಮ ಅಳಲಿಲ್ಲ. ಲೋಟ ಎಸೆದಳು. ನಿಮ್ಮ ಸೀರೆ ಮೇಲೂ ನೀರು ಬಿತ್ತು. ಹಬೆ ಬಿಡೋ ವಾಲ್ವ್ ಕೆಟ್ಟಿದೆ ಅಂತ ನಮ್ಮೋರು ಹೇಳಿ ಹೇಳಿ ಸಾಕಾದ್ರು, ಮೇಲಿನೋರು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ, ಈಗ ಸತ್ತೋರು ಮಲಗಿದ್ರಂತೆ, ನಿಜವಾಗಿ ಮಲಗಿದ್ದೋರು ಯಾರು ಅಂತ ಬರ್ಕೊ ಅಂತ ಕಿರುಚಿದಳು. ಎಲ್ಲಿದೆ ಅದು? ಈ ಪುಟದಲ್ಲಿ ಎಲ್ಲಿದೆ?”

ಮೇಡಂ ಮುಖದ ನಗು ಇಳಿಯಿತು. ಅಂದು ಮೊದಲ ಬಾರಿಗೆ ಅವರಿಗೆ ಅಡ್ಡಹೆಸರು ಒಪ್ಪಿತು. ಸಿಡುಕಿ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಗೆ ನಡೆದಳು.

ಸಂಜೆ ಮೇಡಂ ತಮ್ಮ ಕೋಣೆಗೆ ಕರೆಸಿದರು. ಗೋಡೆ ತುಂಬ ಪುಸ್ತಕ, ಮೂಲೆಯಲ್ಲಿ ಒಣಗಿದ ಗಿಡದ ಕುಂಡ. ಕೂರಲು ಹೇಳಿದರು. ಅವಳು ಕೂರಲಿಲ್ಲ.

“ನೋಡಮ್ಮ, ನಿನ್ನ ನೋವು ನನಗೆ ಅರ್ಥವಾಗುತ್ತೆ.”

“ನೋವಲ್ಲ ಮೇಡಂ. ಸಿಟ್ಟು.”

“ಸರಿ, ಸಿಟ್ಟು. ಆದ್ರೆ ನನ್ನ ಸಂಶೋಧನೆಯ ಪ್ರಶ್ನೆ ದುಃಖದ ಬಗ್ಗೆ ಇತ್ತು. ಬಾಯ್ಲರ್ ಬಗ್ಗೆ ಅಲ್ಲ. ಪ್ರಶ್ನೆಗೆ ಬೇಕಾದ್ದನ್ನ ಇಟ್ಕೊಂಡು ಉಳಿದದ್ದನ್ನ ಬಿಡಲೇಬೇಕು.”

“ಬಿಟ್ಟಿದ್ರೆ ಬಿಟ್ಟಿದೀನಿ ಅನ್ನಬಹುದಿತ್ತು. ನೀವು ಬಿಟ್ಟ ಜಾಗದಲ್ಲಿ ಅಳು ತುಂಬಿದ್ರಿ. ಅದು ಎಲ್ಲಿಂದ ಬಂತು?”

ಮೇಡಂ ಕನ್ನಡಕ ತೆಗೆದು ಒರೆಸಿದರು. “ನಾನಾಗ ನಿನ್ನಷ್ಟೇ ಚಿಕ್ಕವಳು. ಉಳಿದ ಮನೆಗಳ ವಿಳಾಸ ಕೊಟ್ಟಿದ್ದು ಕಂಪನಿಯವರು. ವಾಲ್ವ್ ವಿಷಯ ಬರೆದಿದ್ರೆ ಮುಂದಿನ ಬಾಗಿಲು ತೆರೀತಿರಲಿಲ್ಲ. ನನ್ನ ಗೈಡ್ ಕೂಡ ಬೇಡ ಅಂದ್ರು. ನಿಮ್ಮಮ್ಮ ಆಮೇಲೆ ಅತ್ತರು, ನೀನು ನೋಡಿರ್ಲಿಕ್ಕಿಲ್ಲ.”

“ನಾನು ಬಾಗಿಲಲ್ಲೇ ಇದ್ದೆ ಮೇಡಂ. ನೀವು ಹೋಗೋವರೆಗೂ.”

ಮೇಡಂ ಕನ್ನಡಕ ಹಾಕಿಕೊಂಡು, ಇನ್ನು ಹೋಗು ಎಂದರು. ಮರುದಿನ ವಿಭಾಗದ ಮುಖ್ಯಸ್ಥರ ಬಳಿ ದೂರಿತ್ತು. ಮಾಹಿತಿದಾರರ ಗುರುತನ್ನು ಗುಟ್ಟಾಗಿಡಬೇಕೆಂಬುದು ಈ ವಿದ್ಯೆಯ ಮೊದಲ ನಿಯಮ. ಈ ಹುಡುಗಿ ತುಂಬಿದ ತರಗತಿಯಲ್ಲಿ ಅದನ್ನು ಬಯಲು ಮಾಡಿದ್ದಾಳೆ ಎಂದು. ಮುಖ್ಯಸ್ಥರು ಒಳ್ಳೆಯ ಮಾತಿನಲ್ಲೇ ಹೇಳಿದರು: ಮೇಡಂಗೆ ಕ್ಷಮೆ ಕೇಳಿಬಿಡು, ಇಲ್ಲಿಗೇ ಮುಗಿಸೋಣ.

ತನ್ನ ಅಮ್ಮನನ್ನು ಅಮ್ಮ ಎಂದದ್ದಕ್ಕೆ ಕ್ಷಮೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ತಂದವರೇ ಬರೆ ಹಿಡಿದು ನಿಂತಿದ್ದರು. ಸಿಡುಕಿಗೆ ಮೈಯೆಲ್ಲ ಉರಿಯಿತು. “ಕೇಳಲ್ಲ ಸರ್,” ಎಂದಷ್ಟೇ ಹೇಳಿ ಬಂದಳು.

ಮನೆಗೆ ಬಂದು ಅಮ್ಮನಿಗೆ ಆ ಪುಟ ಓದಿ ಹೇಳಿದಳು. ಅಮ್ಮ ಯಂತ್ರದ ಮೇಲೆ ಕೈ ಇಟ್ಟು ಕೇಳಿದಳು. ‘ಮೌನವಾಗಿ ಅಳುತ್ತಾಳೆ’ ಎಂಬಲ್ಲಿಗೆ ಬಂದಾಗ, “ಇನ್ನೊಂದ್ಸಲ ಓದು,” ಎಂದಳು. ಓದಿದಳು. ಅಮ್ಮನ ಕತ್ತಿನ ನರ ಉಬ್ಬಿತು.

“ಅಳೋ ಹೆಂಗಸನ್ನ ಎಲ್ಲರೂ ಮನೆಗೆ ಕರ್ಕೋತಾರೆ. ಬೈಯೋ ಹೆಂಗಸಿಗೆ ಬಾಗಿಲು ಹಾಕ್ತಾರೆ. ಅದಕ್ಕೇ ನನ್ನ ಅಳಿಸಿಬಿಟ್ಟಿದ್ದಾಳೆ ಆ ಮಹಾತಾಯಿ!”

“ಬಾಮ್ಮ, ಹೋಗೋಣ. ಅವರ ಎದುರಿಗೇ ಹೇಳು.”

“ನಾನ್ಯಾಕೆ ಬರಲಿ? ಒಂದ್ಸಲ ಹೇಳಿದ್ದೆ. ಹೊಟ್ಟೇಲಿರೋದೆಲ್ಲ ಕಕ್ಕಿ ಹೇಳಿದ್ದೆ. ಕೇಳಿಸ್ಕೊಳ್ಳದೆ ಇರೋಳ ಮುಂದೆ ಎಷ್ಟು ಸಲ ಕಕ್ಕಲಿ?” ಅಮ್ಮ ಸಿಟ್ಟನ್ನು ಇವಳ ಕಡೆಗೇ ತಿರುಗಿಸಿದಳು. “ನೀನೇನು ಕಡಿಮೆನಾ? ಇದೇ ಕೆಲ್ಸ ಕಲಿಯಕ್ಕೆ ತಾನೇ ಆಸ್ಪತ್ರೆ ಬಿಟ್ಟು ಹೋಗಿದ್ದು? ನಾಳೆ ನೀನೂ ಯಾರದೋ ಮನೇಲಿ ಕೂತು ಅವರನ್ನ ಅಳಿಸ್ತೀಯ.”

ಅದು ಚಾಟಿಯ ಹಾಗೆ ಬಿತ್ತು. ಅಷ್ಟರಲ್ಲಿ ಅಣ್ಣ ಕೆಲಸ ಮುಗಿಸಿ ಬಂದವನು ವಿಷಯ ಕೇಳಿ ಬೂಟು ಬಿಚ್ಚುವುದನ್ನೂ ಮರೆತ.

“ಬೇಡ. ಈ ಸುದ್ದೀನೇ ಬೇಡ. ಅವರ ಅನ್ನ ತಿಂತಿದೀವಿ.”

“ಅವರ ಅನ್ನ ಅಲ್ಲ ಅಣ್ಣ. ಅಪ್ಪನ ಜೀವ.”

“ನೀನು ಹೇಳ್ತೀಯ. ಬೆಳಿಗ್ಗೆ ಎದ್ದು ಅವರ ಮುಖ ನೋಡೋನು ನಾನು. ಸಿಟ್ಟಲ್ಲಿ ಕುಯ್ದ ಮೂಗು ಮತ್ತೆ ಬರಲ್ಲ, ನೆನಪಿರ್ಲಿ.”

“ಮೂಗು ಅವರು ಯಾವಾಗ್ಲೋ ಕುಯ್ದಾಗಿದೆ. ನೀನು ಕರ್ಚೀಫ್ ಮುಚ್ಕೊಂಡು ಓಡಾಡ್ತಿದೀಯ ಅಷ್ಟೇ.”

ಅಣ್ಣ ಕೈ ಎತ್ತಿದ. ಅಮ್ಮ ಎದ್ದು ಮಧ್ಯೆ ನಿಂತಳು. ಅವನು ಬೂಟು ಕಾಲಲ್ಲೇ ಹೊರಗೆ ಹೋದ.

ಪ್ರಬಂಧದ ವಿಷಯ ಆರಿಸುವ ದಿನ ಬಂತು. ಸಿಡುಕಿ ಬರೆದುಕೊಟ್ಟ ವಿಷಯ ಇದು: ಆ ಲಾಂಡ್ರಿಯ ಸಾವುಗಳ ಬಗ್ಗೆ ಹಿಂದೆ ಮಾತಾಡಿದ್ದ ಮನೆಗಳಿಗೆ ಮತ್ತೆ ಹೋಗುವುದು, ಅಂದು ಹೇಳಿದ್ದೇನು, ಪುಸ್ತಕದಲ್ಲಿ ಬಂದದ್ದೇನು ಎಂದು ಅವರನ್ನೇ ಕೇಳುವುದು. ಯಾವ ಅಧ್ಯಾಪಕರೂ ಗೈಡ್ ಆಗಲು ಒಪ್ಪಲಿಲ್ಲ. ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಬೆನ್ನು ನೋವು. ಉಳಿದವರು ಅಂಕಿಅಂಶದ ಪಾಠ ಮಾಡುವ ಮುದುಕರು ಒಬ್ಬರೇ. ಹುಡುಗರು ಅವರನ್ನು ‘ಸರಾಸರಿ ಸರ್’ ಎನ್ನುತ್ತಿದ್ದರು. ನಗುವೂ ಕೋಪವೂ ಅವರಲ್ಲಿ ಒಂದೇ ಮಟ್ಟದಲ್ಲಿರುತ್ತಿದ್ದವು. ಅವರು ಅವಳ ಹಾಳೆಯನ್ನು ನಿಧಾನವಾಗಿ ಓದಿದರು.

“ನನಗೆ ಈ ಇಂಟರ್‌ವ್ಯೂಗಳ ಮೇಲೆ ನಂಬಿಕೆ ಇಲ್ಲ. ಗೊತ್ತಾ?”

“ಗೊತ್ತು ಸರ್.”

“ಆದ್ರೆ ನನ್ನ ಹುಡುಗ ಒಬ್ಬ ತನಗೆ ಬೇಡದ ಅಂಕಿ ಅಳಿಸಿ ಬೇಕಾದ ಅಂಕಿ ಬರೆದ್ರೆ ನಾನು ಅವನ ಕಿವಿ ಹಿಡಿದು ಆಚೆ ಹಾಕ್ತೀನಿ. ಮಾತು ಅಳಿಸಿದ್ರೆ ಮಾತ್ರ ಯಾಕೆ ಸುಮ್ನಿರ್ಬೇಕು?” ಪೆನ್ನು ತೆಗೆದು ಸಹಿ ಹಾಕಿದರು. “ಒಂದು ಷರತ್ತು. ಯಾರಾದ್ರೂ ನಿಜವಾಗಿ ಅತ್ತಿದ್ದೆ ಅಂದ್ರೆ ಅದನ್ನೂ ಬರೀಬೇಕು. ನಿನ್ನ ಸಿಟ್ಟಿಗೆ ಹೊಂದಲ್ಲ ಅಂತ ಬಿಟ್ರೆ ನಿನ್ನ ಕಿವಿನೂ ಹಿಡೀತೀನಿ.”

ಮನೆ ಮನೆ ತಿರುಗುವ ಕೆಲಸ ಸುಲಭವಾಗಿರಲಿಲ್ಲ. ಮೊದಲ ಮನೆಯಲ್ಲಿ ಇಸ್ತ್ರಿ ಕೆಲಸದವಳ ಗಂಡ ಬಾಗಿಲಲ್ಲೇ ತಡೆದ. “ಅವಳು ಸತ್ತಾಗ ಒಬ್ಬಳು ಬಂದು ಡಿಗ್ರಿ ತಗೊಂಡು ಹೋದಳು. ಈಗ ನಿನ್ನ ಸರದಿನಾ? ಸತ್ತೋಳು ಇನ್ನೂ ಎಷ್ಟು ಜನರನ್ನ ಪಾಸು ಮಾಡಿಸ್ಬೇಕು?” ಬಾಗಿಲು ಮುಖಕ್ಕೆ ಬಡಿಯಿತು. ಅವಳು ಮೆಟ್ಟಿಲ ಮೇಲೆ ಕೂತು ಆ ಮಾತನ್ನು ಹೇಳಿದ ಹಾಗೆಯೇ ಬರೆದುಕೊಂಡಳು. ಸರಾಸರಿ ಸರ್ ಅದನ್ನು ನೋಡಿ, ಪ್ರಬಂಧ ಇದರಿಂದಲೇ ಶುರುವಾಗಲಿ ಎಂದರು.

ಒಬ್ಬ ಮುದುಕಿ ಮಾತ್ರ ಪುಸ್ತಕದ ಪುಟ ಕೇಳಿ, “ಹೌದು ಮಗಳೇ, ನಾನು ಅತ್ತಿದ್ದೆ. ಅವಳು ನನ್ನ ಕೈ ಹಿಡ್ಕೊಂಡಿದ್ಲು. ಒಳ್ಳೇ ಹುಡುಗಿ,” ಎಂದಳು. ಸಿಡುಕಿಗೆ ಅದು ಕಹಿ ಮಾತ್ರೆಯಂತಿತ್ತು. ಆದರೂ ನುಂಗಿ, ಬರೆದಳು. ಉಳಿದವರಲ್ಲಿ ಬಹಳ ಜನ ಅಂದು ಬೈದಿದ್ದರು. ಒಬ್ಬಳು ಮಾನೇಜರನ ಹೆಸರು ಹಿಡಿದು ಶಾಪ ಹಾಕಿದ್ದಳು. ಪುಸ್ತಕದಲ್ಲಿ ಅವಳು ‘ಶೂನ್ಯವನ್ನು ದಿಟ್ಟಿಸುತ್ತಾಳೆ’. ಅದನ್ನು ಕೇಳಿ ಅವಳು, “ಶೂನ್ಯ ಅಲ್ಲಮ್ಮ, ಗಡಿಯಾರ ನೋಡ್ತಿದ್ದೆ. ಇವಳು ಯಾವಾಗ ಏಳ್ತಾಳೋ, ನನಗೆ ಪಾತ್ರೆ ಇದೆ ಅಂತ,” ಎಂದು ನಕ್ಕಳು. ನಗುತ್ತಾ ನಗುತ್ತಾ ಅವಳ ದನಿ ಗಡುಸಾಯಿತು. “ಬೈದಿದ್ದು ಏನಾಯ್ತು ನಂದು? ಅಷ್ಟು ಬೈದಿದ್ನಲ್ಲ!”

ಈ ಓಡಾಟದ ಸುದ್ದಿ ಲಾಂಡ್ರಿಗೆ ಮುಟ್ಟಿತು. ಒಂದು ದಿನ ಮಾನೇಜರ್ ಅಣ್ಣನನ್ನು ಕರೆದು ವ್ಯಾನಿನ ಕೀ ವಾಪಸು ಇಸಿದುಕೊಂಡ. ಕೊಳೆ ಬಟ್ಟೆ ವಿಂಗಡಿಸುವ ಕಡೆ ಹಾಕಿದ. ಆಸ್ಪತ್ರೆಯಿಂದ ಬಂದ ರಕ್ತ, ಕೀವು ಮೆತ್ತಿದ ಹಾಸುಗಳನ್ನು ಬೇರೆ ಬೇರೆ ಮಾಡುವ ಕೆಲಸ. ಅಣ್ಣ ಮನೆಗೆ ಬಂದು ತಂಗಿಯ ಮುಖ ನೋಡಲಿಲ್ಲ. ಅವಳಿಗೆ ಹೇಳಬೇಕಾದ್ದನ್ನೆಲ್ಲ ಅಮ್ಮನಿಗೆ ಹೇಳತೊಡಗಿದ. “ಅವಳಿಗೆ ಹೇಳು, ನನ್ನ ಬಟ್ಟೆ ಮುಟ್ಟೋದು ಬೇಡ ಅಂತ.” ಅವಳು ಪಕ್ಕದಲ್ಲೇ ಕೂತಿರುತ್ತಿದ್ದಳು. ಅಮ್ಮ ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದಳು.

ಸಿಡುಕಿಗೆ ಆಗ ಮೊದಲ ಬಾರಿ ಹಿಂಜರಿಕೆಯಾಯಿತು. ತನ್ನ ಸಿಟ್ಟಿಗೆ ಅಣ್ಣ ಕೀವು ಹಿಂಡಬೇಕೇ? ಪ್ರಬಂಧ ಬಿಡುತ್ತೇನೆ ಎಂದು ಅಮ್ಮನ ಮುಂದೆ ಹೇಳಿದಳು. ಅಣ್ಣ ಊಟಕ್ಕೆ ಕೂತಿದ್ದ. ತಟ್ಟೆ ತಳ್ಳಿ ಎದ್ದ. ಅಂದು ಅವನು ಅಮ್ಮನ ಮೂಲಕ ಮಾತಾಡಲಿಲ್ಲ.

“ಈಗ ಬಿಡ್ತೀಯಾ? ನನ್ನ ಕೊಳೆ ಕೋಣೆಗೆ ಹಾಕಿಸಿ ಆದ ಮೇಲೆ ಬಿಡ್ತೀಯಾ? ಆ ಕೋಣೆ ಎಲ್ಲಿದೆ ಗೊತ್ತಾ ನಿನಗೆ? ಬಾಯ್ಲರ್ ಪಕ್ಕ. ವ್ಯಾನಲ್ಲಿ ತಿರುಗೋವಾಗ ನನಗೂ ಗೊತ್ತಿರಲಿಲ್ಲ. ಹೊಸ ಬಾಯ್ಲರ್ ವಾಲ್ವನ್ನ ತಂತಿ ಸುತ್ತಿ ಬಿಗಿದಿದ್ದಾರೆ. ಬಿಚ್ಚಿಸಿ ಅಂದ್ರೆ ಬಾಯ್ಲರ್ ನೋಡ್ಕೊಳ್ಳೋ ಹುಡುಗನಿಗೆ ಮಾನೇಜರ್ ಏನಂದ ಗೊತ್ತಾ? ನೋಡ್ಕೊಂಡು ಕೆಲ್ಸ ಮಾಡು, ಮಲಗಬೇಡ ಅಂದ. ನನ್ನ ಎದುರಿಗೇ ಅಂದ! ಅಪ್ಪನ ಮಗ ನಾನು ನಿಂತಿರೋವಾಗಲೇ ಅಂದ!” ಎಂಜಲು ಕೈಯಲ್ಲೇ ಅವಳ ಪುಸ್ತಕ ಎಳೆದು ಮುಂದಿಟ್ಟ. “ಬರ್ಕೋ. ನನ್ನ ಹೇಳಿಕೆನೂ ಬರ್ಕೋ.”

ಅವಳು ಬರೆದುಕೊಂಡಳು. ಬರೆದು, ಓದಿ ಹೇಳಿದಳು. ಅವನು ಎರಡು ಕಡೆ ತಿದ್ದಿಸಿದ. ಮಾನೇಜರನಿಗೆ ತಾನು ಬೈದ ಬೈಗುಳವನ್ನು ಅವಳು ಬಿಟ್ಟಿದ್ದಳು. ಅದನ್ನೂ ಸೇರಿಸು ಎಂದ.

ಆ ಹೇಳಿಕೆ ಪ್ರಬಂಧ ಮುಗಿಯುವವರೆಗೆ ಕಾಯುವಂಥದ್ದಾಗಿರಲಿಲ್ಲ. ಸಿಡುಕಿ ಬಾಯ್ಲರ್ ತಪಾಸಣೆಯ ಕಚೇರಿಗೆ ಹೋದಳು. ಗುಮಾಸ್ತ ಇವತ್ತು ಸಾಹೇಬರಿಲ್ಲ ಎಂದ. ಮತ್ತೆ ಹೋದಳು. ನೀನ್ಯಾರು, ಕೆಲಸಗಾರಳಾ ಎಂದ. ಅಣ್ಣ ರಜೆ ಹಾಕಿ ಜೊತೆಗೆ ಬಂದ. ಬರೆದುಕೊಟ್ಟು ಹೋಗಿ, ನೋಡೋಣ ಎಂದ ಗುಮಾಸ್ತ. ಅಮ್ಮ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಇಬ್ಬರ ಜೊತೆ ಬಂದಳು. ಸಾಹೇಬರ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತು, ಊರಿಗೆಲ್ಲ ಕೇಳುವ ದನಿಯಲ್ಲಿ ಶುರು ಮಾಡಿದಳು. ಯಾವ ಬಾಯ್ಲರ್, ಯಾವ ವಾಲ್ವ್, ಯಾರು ಸತ್ತರು, ಯಾರು ಮಲಗಿದ್ದರು, ಯಾರು ಇನ್ನೂ ಮಲಗಿದ್ದಾರೆ. ಕಚೇರಿಯ ಟೈಪಿಂಗ್ ನಿಂತಿತು. ಇಲ್ಲವೆಂದಿದ್ದ ಸಾಹೇಬರು ಒಳಗಿನಿಂದಲೇ ಹೊರಬಂದರು.

ಆ ವಾರ ತಪಾಸಣೆಯಾಯಿತು. ಬಾಯ್ಲರಿಗೆ ಸೀಲು ಬಿತ್ತು, ವಾಲ್ವ್ ಬದಲಾಗುವವರೆಗೂ ಲಾಂಡ್ರಿ ಮುಚ್ಚಿತ್ತು. ದಿನಗೂಲಿಯವರು ಮನೆಗೆ ಬಂದು, ನಿಮ್ಮಿಂದ ನಮ್ಮ ಕೆಲಸ ಹೋಯಿತು ಎಂದು ಕೂಗಾಡಿದರು. ಅವರ ಜೊತೆಯೇ ಬಂದಿದ್ದ ಬಾಯ್ಲರ್ ಹುಡುಗನ ಹೆಂಡತಿ ಮಾತ್ರ ಅಮ್ಮನ ಪಕ್ಕ ಕೂತು, ಅವಳ ಕೈ ಒತ್ತಿ ಎದ್ದು ಹೋದಳು. ಹಳೆಯ ಸಾವುಗಳ ಬಗ್ಗೆ ಕಂಪನಿಯಾಗಲಿ ಕಚೇರಿಯಾಗಲಿ ಬಾಯಿ ಬಿಡಲಿಲ್ಲ. ಅಪ್ಪ ಮಲಗಿದ್ದ ಎಂಬ ಕಂಪನಿಯ ಮಾತು ಕಾಗದದಲ್ಲಿ ಹಾಗೇ ಉಳಿಯಿತು. ಅಣ್ಣನಿಗೆ ವ್ಯಾನು ಮತ್ತೆ ಸಿಗಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು, ಪ್ರಬಂಧದಲ್ಲಿ ಸಿಟ್ಟು ಹೆಚ್ಚಾಯಿತಲ್ಲವೇ, ಸಂಶೋಧಕಿ ತಟಸ್ಥಳಾಗಿರಬೇಕಲ್ಲವೇ ಎಂದು ಕೇಳಿದರು.

“ಸಿಟ್ಟು ಅವರದು ಸರ್. ನಾನು ಕಡಿಮೆ ಮಾಡಲಿಲ್ಲ ಅಷ್ಟೇ.”

“ನಿಮ್ಮದು ಏನೂ ಇಲ್ಲವೇ?”

“ಇದೆ. ಬೇರೆ ಅಧ್ಯಾಯದಲ್ಲಿ ನನ್ನ ಹೆಸರಲ್ಲೇ ಇದೆ. ಬೇರೆಯವರ ಬಾಯಿಗೆ ಹಾಕಿಲ್ಲ.”

ಮೂಲೆಯಲ್ಲಿ ಕೂತಿದ್ದ ಸರಾಸರಿ ಸರ್ ಕೆಮ್ಮಿದರು, ಅದು ನಗುವಿರಬಹುದು. ಮೇಡಂ ಕಿಟಕಿಯ ಹತ್ತಿರ ಕೂತು ಕೊನೆಯವರೆಗೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಿಡುಕಿ ಎರಡನೇ ದರ್ಜೆಯಲ್ಲಿ ಪಾಸಾದಳು. ಕ್ಷಮೆಯ ವಿಷಯವನ್ನು ಯಾರೂ ಮತ್ತೆ ಎತ್ತಲಿಲ್ಲ.

ಈಗ ಅವಳು ಕೆಲಸದ ಜಾಗದಲ್ಲಿ ಗಾಯಗೊಂಡವರ ಹೇಳಿಕೆ ಬರೆದುಕೊಳ್ಳುವ ಒಂದು ಸಣ್ಣ ಕಚೇರಿಯಲ್ಲಿದ್ದಾಳೆ. ಕೆಳಗೆ ಟೈರ್ ಅಂಗಡಿ, ಇಡೀ ದಿನ ರಬ್ಬರ್ ವಾಸನೆ. ಮೇಡಂ ಪುಸ್ತಕ ಹೋದ ವರ್ಷ ಮತ್ತೆ ಅಚ್ಚಾಯಿತು. ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹೊಸದೊಂದು ಸಾಲು ಸೇರಿದೆ: ಕೆಲವು ಮಾಹಿತಿದಾರರು ಅಸಮಾಧಾನವನ್ನೂ ವ್ಯಕ್ತಪಡಿಸಿದ್ದರು. ಸಿಡುಕಿ ಅದನ್ನು ಓದಿ ಪುಸ್ತಕ ಎಸೆಯಲು ಹೋದಳು. ಅಮ್ಮ ಕೈ ಹಿಡಿದಳು. “ಅಸಮಾಧಾನ ಅಂದ್ರೇನೇ? ಸೊಪ್ಪು ಬಾಡಿದ್ರೆ ಆಗೋದಲ್ವಾ ಅದು?”

ಮೊನ್ನೆ ಮೇಡಂ ಫೋನ್ ಮಾಡಿದ್ದರು. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದೇನೆ, ನಿಮ್ಮಮ್ಮನನ್ನು ಒಮ್ಮೆ ನೋಡಬೇಕು, ಬರಬಹುದೇ ಎಂದು ಕೇಳಿದರು. ಸಿಡುಕಿ ಫೋನ್ ಕಿವಿಯಿಂದ ತೆಗೆದು ಅಮ್ಮನನ್ನು ಕೇಳಿದಳು. ಅಮ್ಮ ಒಂದು ಕೋಟಿನ ಗುಂಡಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಕೇಳೋದಾದ್ರೆ ಬರ್ಲಿ. ಬರ್ಕೊಳ್ಳೋದಾದ್ರೆ ಬೇಡ.”

ಅವಳು ಅದನ್ನು ಒಂದಕ್ಷರ ಬದಲಾಯಿಸದೆ ಹೇಳಿದಳು. ಮೇಡಂ, “ಆಯ್ತು,” ಎಂದು ಫೋನ್ ಇಟ್ಟರು. ಇನ್ನೂ ಬಂದಿಲ್ಲ.